ಕಡಲ ಹಕ್ಕಿ, ತೆರೆ ಮತ್ತು ಎರಡು ದಿನದ ರಜೆ

ಕಡಲತೀರದಲ್ಲಿ ಹಕ್ಕಿಗಳ ಮತ್ತು ಅಲೆಗಳ ಛಾಯಾಗ್ರಹಣದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ರಜೆ ಮಂಜೂರಾಗುವುದು ಯಾವಾಗಲೂ ಕೊನೆಯ ಗಳಿಗೆಯಲ್ಲಿ. ಈ ಡಿಸೆಂಬರಿನಲ್ಲಿ ಹಾಗೆ ಎರಡು ದಿನ ಸಿಕ್ಕರೆ, 70–300 ಮಿಲಿಮೀಟರ್ ಲೆನ್ಸ್ ಇರುವ ನನ್ನ ಕ್ಯಾಮೆರಾ ಹಿಡಿದು ಕರಾವಳಿಗೆ ಹೋಗಿ ಕಡಲ ಹಕ್ಕಿಗಳನ್ನೂ ಅಲೆಗಳನ್ನೂ ಚಿತ್ರಿಸಬೇಕೆಂಬ ಆಸೆಯಿದೆ. ಏನೂ ಗೊತ್ತುಮಾಡಿಕೊಳ್ಳದೆ ಹೊರಟರೆ ಬರಿಗೈಯಲ್ಲಿ ಬರಬೇಕಾಗುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ? ಹೋಗುವುದಾದರೆ ಎಲ್ಲಿಗೆ, ಯಾವ ಹೊತ್ತಿಗೆ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಹೊರಡಿ. ಕಾಡಿನಲ್ಲಿ ಹುಲಿಯನ್ನೋ ಅಪರೂಪದ ಮಂಗಟ್ಟೆಯನ್ನೋ ಹುಡುಕುವವರಿಗೆ ಸಫಾರಿಯ ಮುಂಗಡ ಟಿಕೆಟ್ಟು, ಮಾರ್ಗದರ್ಶಿ, ಅದೃಷ್ಟ ಎಲ್ಲವೂ ಬೇಕಾಗುತ್ತದೆ. ಕಡಲ ಹಕ್ಕಿಗಳ ವಿಷಯ ಹಾಗಲ್ಲ. ಅಕ್ಟೋಬರ್–ನವೆಂಬರಿನಲ್ಲಿ ನಮ್ಮ ಕರಾವಳಿಗೆ ಬಂದಿಳಿಯುವ ಕಡಲಕ್ಕಿಗಳು, ಅಂದರೆ ನಾವು ಸೀಗಲ್ ಎಂದು ಕರೆಯುವ ಹಕ್ಕಿಗಳು, ಮಾರ್ಚ್–ಏಪ್ರಿಲ್‌ವರೆಗೂ ಇಲ್ಲಿಯೇ ಇರುತ್ತವೆ, ಬಯಲಿನಲ್ಲಿ ಎಲ್ಲರಿಗೂ ಕಾಣುವಂತೆಯೇ ಇರುತ್ತವೆ. ಡಿಸೆಂಬರ್ ಅವುಗಳ ಮಟ್ಟಿಗೆ ಒಳ್ಳೆಯ ತಿಂಗಳು. ನಿಮಗೆ ಬೇಕಾದ ಸಿದ್ಧತೆ ಬಸ್ಸಿನಲ್ಲಿ ಕುಳಿತು ಮುಗಿಸಿಕೊಳ್ಳುವಷ್ಟು ಸಣ್ಣದು: ಮರುದಿನದ ಉಬ್ಬರ-ಇಳಿತದ ವೇಳೆ ತಿಳಿದುಕೊಳ್ಳುವುದು, ಬೆಳಕು ಹರಿಯುವ ಮೊದಲು ತೀರದಲ್ಲಿರುವಂತೆ ತಂಗುವ ಜಾಗ ನೋಡಿಕೊಳ್ಳುವುದು.

ಬೆಳಗಿನ ಹೊತ್ತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ, ಮತ್ತು ಆ ಕಾರಣ ಪಶ್ಚಿಮ ಕರಾವಳಿಗೇ ವಿಶಿಷ್ಟವಾದದ್ದು. ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ಕಡಲಿನ ನೀರು ಬೆಚ್ಚಗೇ ಉಳಿಯುತ್ತದೆ. ಆದ್ದರಿಂದ ಮುಂಜಾನೆಯಿಂದ ಸುಮಾರು ಒಂಬತ್ತು–ಹತ್ತು ಗಂಟೆಯವರೆಗೆ ಗಾಳಿ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ ಕಡಲಿನತ್ತ ಬೀಸುತ್ತಿರುತ್ತದೆ. ಮರಳಿನ ಮೇಲೆ ಕುಳಿತ ಹಕ್ಕಿ ಗಾಳಿಗೆ ಮುಖ ಮಾಡಿ ಕುಳಿತುಕೊಳ್ಳುತ್ತದೆ, ಏಕೆಂದರೆ ಬೆನ್ನ ಹಿಂದಿನಿಂದ ಗಾಳಿ ಬಂದರೆ ಗರಿಗಳು ಕೆದರಿ ಒಳಗಿನ ಬಿಸಿ ಹೊರಹೋಗುತ್ತದೆ. ಏರುವಾಗಲೂ ಇಳಿಯುವಾಗಲೂ ಅದು ಗಾಳಿಗೆ ಎದುರಾಗಿಯೇ ಹಾರುತ್ತದೆ. ಈಗ ನಿಮ್ಮ ಜಾಗವನ್ನು ಕಲ್ಪಿಸಿಕೊಳ್ಳಿ: ನಿಮ್ಮ ಬೆನ್ನಿಗೆ ಪೂರ್ವ, ಬೆನ್ನಿಗೆ ಎಳೆಬಿಸಿಲು, ಎದುರಿಗೆ ಕಡಲು, ಮತ್ತು ಆ ಕಡಲಿನ ಮೇಲಿಂದ ಬರುವ ಪ್ರತಿ ಹಕ್ಕಿಯೂ ಗಾಳಿಯನ್ನು ಎದುರಿಸುತ್ತಾ ನಿಮ್ಮ ಕಡೆಗೇ ಮುಖ ಮಾಡಿ, ಮೈಮೇಲೆಲ್ಲ ಬೆಳಕು ಹೊತ್ತು, ವೇಗ ತಗ್ಗಿಸಿಕೊಂಡು ಇಳಿಯುತ್ತದೆ. ಹನ್ನೊಂದರ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗಿದ ಮೇಲೆ ಇದೆಲ್ಲವೂ ತಲೆಕೆಳಗಾಗುತ್ತದೆ. ಹಕ್ಕಿಗಳು ನಿಮಗೆ ಬೆನ್ನು ತೋರಿಸುತ್ತವೆ, ಮಧ್ಯಾಹ್ನ ಕಳೆದ ಮೇಲೆ ಬಿಸಿಲೂ ನಿಮ್ಮ ಕಣ್ಣಿಗೇ ಬರುತ್ತದೆ. ಕರಾವಳಿಗೆ ಬಂದು ತಿಂಡಿ ಮುಗಿಸಿ ಹತ್ತೂವರೆಗೆ ಬೀಚಿಗೆ ಇಳಿಯುವವರು ಕಳೆದುಕೊಳ್ಳುವುದು ಇದನ್ನೇ.

ಅದೇ ಬೆಳಗಿನ ಗಾಳಿ ಅಲೆಗೂ ಒಳ್ಳೆಯದು. ದಡಕ್ಕೆ ಬರುವ ಅಲೆಗೆ ಎದುರಾಗಿ ಗಾಳಿ ಬೀಸಿದಾಗ ಅದರ ಮುಖ ನುಣುಪಾಗಿ ನಿಲ್ಲುತ್ತದೆ, ಮುರಿಯುವುದು ಸ್ವಲ್ಪ ತಡವಾಗುತ್ತದೆ, ತುದಿಯ ಹನಿಗಳು ಹಿಂದಕ್ಕೆ ಚಿಮ್ಮಿ ಕೂದಲಿನ ಎಳೆಗಳಂತೆ ಹಾರುತ್ತವೆ. ಮಧ್ಯಾಹ್ನದ ಕಡಲಗಾಳಿ ಅಲೆಯನ್ನು ಹಿಂದಿನಿಂದ ತಳ್ಳಿ ಅದರ ಆಕಾರವನ್ನೇ ಕೆಡಿಸುತ್ತದೆ.

ಇನ್ನು ನೀರಿನ ವೇಳೆ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಅವು ಸರಿಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ, ಹುಣ್ಣಿಮೆ-ಅಮಾವಾಸ್ಯೆಗಳಲ್ಲಿ ಏರಿಳಿತ ಹೆಚ್ಚು. ನೀರು ಪೂರ್ತಿ ಇಳಿದಾಗ ಅಳಿವೆಯ ಮರಳುದಿಬ್ಬಗಳು ತೆರೆದುಕೊಂಡು ಹಕ್ಕಿಗಳು ದೂರ ದೂರಕ್ಕೆ ಚದುರಿ ಮೇಯುತ್ತವೆ, ನಿಮ್ಮ 300 ಮಿಲಿಮೀಟರ್ ಲೆನ್ಸಿಗೆ ಅವು ನಿಲುಕುವುದಿಲ್ಲ. ನೀರು ಏರುವ ಕೊನೆಯ ಎರಡು ಗಂಟೆಗಳಲ್ಲಿ ಮೇಯುವ ಜಾಗ ಕುಗ್ಗುತ್ತಾ ಬಂದು, ಹಕ್ಕಿಗಳು ತಾವಾಗಿಯೇ ಮೇಲಿನ ಮರಳಿಗೆ, ನೀವು ಕುಳಿತಿರುವ ಕಡೆಗೆ ಸರಿಯುತ್ತವೆ. ಬೆಳಗಿನ ಬಿಸಿಲೂ ಏರುವ ನೀರೂ ಒಂದೇ ಹೊತ್ತಿಗೆ ಕೂಡಿಬರುವ ದಿನ ಸಿಕ್ಕಿದರೆ ಊಟ-ತಿಂಡಿ ಮರೆತು ಅಲ್ಲಿಯೇ ಕುಳಿತುಬಿಡಿ.

ಎಲ್ಲಿಗೆ ಎಂದು ಕೇಳಿದ್ದೀರಿ. ಎರಡು ದಿನದಲ್ಲಿ ಐದಾರು ಬೀಚು ಸುತ್ತುವ ಯೋಚನೆ ಬಿಡಿ. ಒಂದೇ ಅಳಿವೆಯನ್ನು ಆರಿಸಿಕೊಳ್ಳಿ. ನನ್ನ ಆಯ್ಕೆ ಕುಂದಾಪುರದ ಕೋಡಿ. ಶಿರಾಡಿ ಘಾಟಿ ಇಳಿದು ಮಂಗಳೂರು, ಉಡುಪಿ ದಾಟಿದರೆ ಕುಂದಾಪುರ. ಅಲ್ಲಿ ಪಂಚಗಂಗಾವಳಿ ನದಿ ಕಡಲು ಸೇರುವ ಅಳಿವೆಯ ತೆಂಕು ದಡದಲ್ಲಿ ಕೋಡಿ, ಬಡಗು ದಡದಲ್ಲಿ ಗಂಗೊಳ್ಳಿ ಬಂದರು. ಮೀನು ಹಿಡಿದು ಬಂದರಿಗೆ ಮರಳುವ ಬೋಟುಗಳು ಅಳಿವೆಯ ಮೂಲಕವೇ ಒಳಬರಬೇಕು. ಬಲೆಯಿಂದ ಆಯ್ದು ಎಸೆದ ಸಣ್ಣ ಮೀನಿಗಾಗಿ ಕಡಲಕ್ಕಿಗಳು ಬೋಟಿನ ಹಿಂದೆ ಗುಂಪುಗುಂಪಾಗಿ ಬರುತ್ತವೆ, ಅವುಗಳ ನಡುವೆ ಗರುಡಗಳು ಇಳಿದು ನೀರಿನ ಮೇಲ್ಮೈಯಿಂದ ಮೀನು ಎತ್ತಿಕೊಂಡು ಹೋಗುತ್ತವೆ. ಇನ್ನೂ ಉತ್ತರಕ್ಕೆ ಹೋಗುವಷ್ಟು ಸಮಯವಿದ್ದರೆ ಕುಮಟಾದ ಬಳಿಯ ಅಘನಾಶಿನಿ ಅಳಿವೆ ಬೇರೆಯದೇ ಲೋಕ: ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಚಿಪ್ಪುಮೀನು ಆಯುವ ಜನ, ಕೆಸರುಬಯಲಿನಲ್ಲಿ ಮೇಯುವ ಉದ್ದ ಕೊಕ್ಕಿನ ಹಕ್ಕಿಗಳು. 2024ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಅಲೆ ಮತ್ತು ಹಕ್ಕಿ ಎರಡೂ ಒಂದೇ ಕಡೆ ಬೇಕೆನ್ನುವ ನಿಮಗೆ ಕೋಡಿಯೇ ಸರಿ. ಸಂಜೆಯ ಹೊತ್ತನ್ನು ಅಲೆಗಳಿಗೆ ಮೀಸಲಿಡಿ. ಪಡುವಣ ಸೂರ್ಯ ಅಲೆಯ ಹಿಂದಿರುವಾಗ, ಮುರಿಯುವ ಮುನ್ನ ತೆಳುವಾಗುವ ಅದರ ನೆತ್ತಿಯೊಳಗಿಂದ ಬೆಳಕು ಹಾದು ಹಸಿರಾಗಿ ಹೊಳೆಯುವುದು ಒಂದೆರಡು ಕ್ಷಣ ಕಾಣುತ್ತದೆ. ಆ ಬಣ್ಣ ಬೆಳಗ್ಗೆ ಸಿಗುವುದಿಲ್ಲ.

ಬಂದರಿನೊಳಗೆ ಹೋದರೆ ಒಂದು ಮಾತು. ಅದು ಜನ ದುಡಿಯುವ ಜಾಗ. ಹಗ್ಗ, ಐಸಿನ ಪೆಟ್ಟಿಗೆ, ಹರಾಜಿನ ಗಡಿಬಿಡಿಯ ನಡುವೆ ಕ್ಯಾಮೆರಾ ಹಿಡಿದವರು ಅಡ್ಡ ನಿಲ್ಲಬಾರದು. “ಅಣ್ಣ, ಒಂದು ಫೋಟೊ ತೆಗೆಯಬಹುದಾ?” ಎಂದು ಕೇಳಿ ತೆಗೆಯಿರಿ. ಕೇಳಿದವರಿಗೆ ಯಾವ ಬೋಟು ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಮಾಹಿತಿಯೂ ಅಲ್ಲಿಯೇ ಸಿಗುತ್ತದೆ.

ಪ್ರಶ್ನೆ: ನಾನು ತೆಗೆದ ಕಡಲಕ್ಕಿಯ ಚಿತ್ರಗಳಲ್ಲಿ ಹಕ್ಕಿ ಬರೀ ಬಿಳಿಯ ತೇಪೆಯಂತೆ ಕಾಣುತ್ತದೆ, ಗರಿಯ ಒಂದು ಗೆರೆಯೂ ಉಳಿಯುವುದಿಲ್ಲ. ಕಣ್ಣೆದುರು ಎದೆಯೆತ್ತರ ಇದ್ದ ಅಲೆ ಚಿತ್ರದಲ್ಲಿ ಚಪ್ಪಟೆಯಾಗಿರುತ್ತದೆ. ದೋಷ ಲೆನ್ಸಿನದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಲೆನ್ಸಿನ ದೋಷವಲ್ಲ. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರು ತನ್ನೆದುರಿನ ದೃಶ್ಯವನ್ನೆಲ್ಲ ನಡುಬೂದು ಬಣ್ಣವೆಂದು ತಿಳಿದು ಲೆಕ್ಕ ಹಾಕುತ್ತದೆ. ಕಡುನೀಲಿ ನೀರಿನ ಮುಂದೆ ಸಣ್ಣದಾಗಿ ಬಿಳಿ ಹಕ್ಕಿ ಇದ್ದರೆ, ಅದು ನೀರಿನ ಕಪ್ಪನ್ನು ಕಂಡು ಬೆಳಕನ್ನು ಹೆಚ್ಚಿಸಿಬಿಡುತ್ತದೆ, ಬಿಳಿ ಗರಿ ಸುಟ್ಟುಹೋಗುತ್ತದೆ. ಅದೇ ಹಕ್ಕಿ ಮೇಲಕ್ಕೆ ಹಾರಿ ಮೋಡದ ಬೆಳ್ಳನೆಯ ಆಕಾಶದ ಮುಂದೆ ಬಂದರೆ, ಬೆಳಕನ್ನು ತಗ್ಗಿಸಿ ಹಕ್ಕಿಯನ್ನು ಕಪ್ಪಾಗಿಸುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಎರಡೂ ಕಡೆ ಒಂದೇ. ಆದ್ದರಿಂದ ನಿರಭ್ರ ಬೆಳಗಿನಲ್ಲಿ ಕ್ಯಾಮೆರಾವನ್ನು ಮ್ಯಾನುಯಲ್‌ಗೆ (ಎಲ್ಲ ಅಳತೆಗಳನ್ನೂ ನಾವೇ ಇಡುವ ಕ್ರಮಕ್ಕೆ) ಹಾಕಿ, ಬಿಸಿಲು ಚೆನ್ನಾಗಿ ಏರಿದ ಮೇಲೆ ಐಎಸ್‌ಒ (ಬೆಳಕನ್ನು ಗ್ರಹಿಸುವ ಸೂಕ್ಷ್ಮತೆ) 400, ಅಪರ್ಚರ್ (ಲೆನ್ಸಿನ ಬಾಯಿಯ ಅಳತೆ) ಎಫ್/8, ಷಟರ್ ವೇಗ ಸೆಕೆಂಡಿನ 1/2500 ಎಂದು ಇಟ್ಟು ಒಂದು ಚಿತ್ರ ತೆಗೆಯಿರಿ. ಹಿಂಬದಿಯ ಪರದೆಯಲ್ಲಿ ಹಿಗ್ಗಿಸಿ ಎದೆಯ ಗರಿಗಳ ಗೆರೆ ಕಾಣುತ್ತಿದೆಯೇ ನೋಡಿ, ಕಾಣದಿದ್ದರೆ ಷಟರ್ ವೇಗವನ್ನು ಒಂದು ಮೆಟ್ಟಿಲು ಹೆಚ್ಚಿಸಿ. ಬಳಿಕ ಹಕ್ಕಿ ನೀರಿನ ಮುಂದಿರಲಿ, ಆಕಾಶದ ಮುಂದಿರಲಿ, ಬಿಸಿಲು ಬದಲಾಗುವವರೆಗೆ ಅಳತೆಯನ್ನು ಮುಟ್ಟಬೇಡಿ. ಸೂರ್ಯೋದಯದ ಆಸುಪಾಸಿನಲ್ಲಿ ಬೆಳಕು ಇದಕ್ಕಿಂತ ಬಹಳ ಕಡಿಮೆಯಿರುವುದರಿಂದ ಐಎಸ್‌ಒ ಏರಿಸಿಕೊಂಡು, ಹೊತ್ತು ಏರಿದಂತೆ ಇಳಿಸುತ್ತಾ ಬರಬೇಕಾಗುತ್ತದೆ. ಎರಗುವ, ತಿರುಗುವ ಹಕ್ಕಿಗೆ 1/2000ಕ್ಕಿಂತ ನಿಧಾನದ ಷಟರ್ ಸಾಲುವುದಿಲ್ಲ. ತೇಲುತ್ತಾ ಬರುವ ಹಕ್ಕಿಗೆ 1/1000 ಸಾಕು.

ಅಲೆ ಚಪ್ಪಟೆಯಾಗಿ ಕಾಣುವುದಕ್ಕೆ ಕಾರಣ ನೀವು ನಿಂತು ತೆಗೆಯುವುದು. ನಿಂತವರ ಕಣ್ಣು ಅಲೆಯ ನೆತ್ತಿಗಿಂತ ಮೇಲಿರುತ್ತದೆ, ಅದರ ಹಿಂದಿನ ಕಡಲೆಲ್ಲ ಚಿತ್ರದೊಳಗೆ ಬಂದು ಅಲೆ ಅದರಲ್ಲಿ ಒಂದು ಗೆರೆಯಾಗಿ ಕರಗುತ್ತದೆ. ಒಣಮರಳಿನ ಮೇಲೆ ಕುಳಿತು, ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದರೆ ಅಲೆಯ ನೆತ್ತಿ ದಿಗಂತದ ಗೆರೆಯನ್ನು ದಾಟಿ ಮೇಲೇರುತ್ತದೆ. ಆ ದಾಟುವಿಕೆಯೇ ನೋಡುವವರಿಗೆ ಎತ್ತರವನ್ನು ಹೇಳುತ್ತದೆ. ಎತ್ತರ ತಿಳಿಯಲು ಅಳತೆಗೊಂದು ವಸ್ತುವೂ ಬೇಕು, ಅದಕ್ಕೆ ಹಕ್ಕಿಗಿಂತ ಒಳ್ಳೆಯದು ಯಾವುದು? ಮುರಿಯುತ್ತಿರುವ ಅಲೆಯ ಮುಂದೆ ಹಾದುಹೋಗುವ ಒಂದೇ ಒಂದು ಹಕ್ಕಿ, ಅಲೆಯ ಎತ್ತರವನ್ನೂ ತನ್ನ ಧೈರ್ಯವನ್ನೂ ಒಟ್ಟಿಗೆ ತೋರಿಸುತ್ತದೆ.

ಅಂಥ ಚಿತ್ರಕ್ಕಾಗಿ ಹಕ್ಕಿಯ ಹಿಂದೆ ಓಡಬೇಕಾಗಿಲ್ಲ. ಅಲೆ ತನ್ನ ಎತ್ತರಕ್ಕಿಂತ ನೀರಿನ ಆಳ ಸ್ವಲ್ಪವೇ ಹೆಚ್ಚಿರುವಲ್ಲಿಗೆ ಬಂದಾಗ ಮುರಿಯುತ್ತದೆ. ಒಂದು ಮೀಟರ್ ಎತ್ತರದ ಅಲೆಗೆ ಆ ಆಳ ಸುಮಾರು 1.3 ಮೀಟರ್. ಆದ್ದರಿಂದ ಒಂದೇ ಅಳತೆಯ ಅಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮುರಿಯುತ್ತವೆ. ಹತ್ತು ನಿಮಿಷ ಸುಮ್ಮನೆ ನೋಡಿದರೆ ಆ ಜಾಗ ನಿಮಗೆ ಗೊತ್ತಾಗುತ್ತದೆ, ಹಕ್ಕಿಗಳು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹಾಯುತ್ತಿವೆ ಎಂಬುದೂ ಗೊತ್ತಾಗುತ್ತದೆ. ಚೌಕಟ್ಟನ್ನು ಅಲ್ಲಿಗೆ ಸಜ್ಜುಮಾಡಿ ಇಟ್ಟುಕೊಂಡು ಕಾಯಿರಿ. ಹರಿದು ಹಿಂದಿರುಗುವ ನೊರೆಯ ಗೆರೆಗಳು ಹತ್ತಿಯಂತೆ ನಯವಾಗಿ ಬರಬೇಕೆಂದರೆ ಸೂರ್ಯ ಹುಟ್ಟುವ ಮುನ್ನ ಅಥವಾ ಮುಳುಗಿದ ಮೇಲೆ, ಟ್ರೈಪಾಡ್ ಮೇಲೆ, 1/4ರಿಂದ 1/2 ಸೆಕೆಂಡ್ ಷಟರ್ ಇಟ್ಟು ಪ್ರಯತ್ನಿಸಿ. ಇನ್ನೂ ದೀರ್ಘವಾಗಿ ಇಟ್ಟರೆ ನೀರೆಲ್ಲ ಮಂಜಿನಂತಾಗುತ್ತದೆ. ಅದನ್ನು ಮೆಚ್ಚುವವರಿದ್ದಾರೆ, ನನಗಂತೂ ಕಡಲಿನ ಬಲವೇ ಅದರಲ್ಲಿ ಕಳೆದುಹೋಗುತ್ತದೆ ಎನಿಸುತ್ತದೆ.

ಪ್ರಶ್ನೆ: ಮಲ್ಪೆಯಲ್ಲಿ ನೂರಾರು ಹಕ್ಕಿಗಳ ಚಿತ್ರ ತೆಗೆದೆ. ಎಲ್ಲವೂ ಒಂದೇ ಬಗೆಯ ಸೀಗಲ್‌ಗಳೇ, ಬೇರೆ ಬೇರೆಯೇ ಎಂದು ತಿಳಿಯುತ್ತಿಲ್ಲ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕಳುಹಿಸಿದ ಚಿತ್ರಗಳಲ್ಲಿ ಹೆಚ್ಚಿನವು ಕಂದುತಲೆಯ ಕಡಲಕ್ಕಿಗಳು. ಚಳಿಗಾಲದಲ್ಲಿ ಅವುಗಳ ತಲೆ ಕಂದಾಗಿರುವುದಿಲ್ಲ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಇರುತ್ತದೆ. ಹೆಸರು ನೋಡಿ ಹುಡುಕುವವರು ತಪ್ಪುವುದು ಇಲ್ಲಿಯೇ. ಬಲಿತ ಹಕ್ಕಿಯ ಕಣ್ಣಿನ ಪಾಪೆಯ ಸುತ್ತಲಿನ ವರ್ತುಲ ತಿಳಿಬಣ್ಣದ್ದು, ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿಯ ಬೊಟ್ಟುಗಳಿರುತ್ತವೆ. ಅದರೊಡನೆ ಬೆರೆತು ಬರುವ ಕರಿತಲೆಯ ಕಡಲಕ್ಕಿಗೆ ಕಣ್ಣು ಕಡುಗಪ್ಪು, ರೆಕ್ಕೆಯ ಮುಂದಂಚಿನಲ್ಲಿ ಬಿಳಿಯ ಅಗಲ ಪಟ್ಟಿ. ಮಾರ್ಚಿನಲ್ಲಿ ಹೋದರೆ ಅದೇ ಗುಂಪಿನಲ್ಲಿ ಕೆಲವಕ್ಕೆ ತಲೆಯ ಬಣ್ಣ ಅರ್ಧ ಏರಿದ್ದು, ಕೆಲವಕ್ಕೆ ಪೂರ್ತಿ ಮುಸುಕು ಹಾಕಿದಂತೆ ಆಗಿದ್ದು ಕಾಣಬಹುದು. ಮಲ್ಪೆಯಲ್ಲಿ ಬೂತಾಯಿ ಮೀನಿಗಾಗಿ ಕಿತ್ತಾಡುವ ಈ ಕಂದುತಲೆಯ ಹಕ್ಕಿ ಮರಿ ಮಾಡುವುದು ಲಡಾಖ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಎಂಬುದನ್ನು ನೆನೆದರೆ, ಚಿತ್ರದಲ್ಲಿ ಅದು ಎಷ್ಟು ಸಣ್ಣದಾಗಿ ಬಂದಿದ್ದರೂ ಗೌರವ ಮೂಡುತ್ತದೆ.

ಗುಂಪಿನ ನಡುವೆ ಗಾತ್ರದಲ್ಲಿ ಎದ್ದು ಕಾಣುವ, ಬೆನ್ನು ಕಡುಬೂದಾಗಿರುವ, ಹಳದಿ ಕೊಕ್ಕಿನ ಹಕ್ಕಿಗಳು ಬೇರೆ. ಅವು ರಷ್ಯಾದ ಉತ್ತರದ ತಂಡ್ರಾದಿಂದ ಬರುವ ಹಾಯ್‌ಗ್ಲಿನ್ಸ್ ಗಲ್‌ಗಳು. ಇನ್ನು ನಿಮ್ಮ ನಾಲ್ಕನೆಯ ಚಿತ್ರದಲ್ಲಿರುವುದು ಕಡಲಕ್ಕಿಯೇ ಅಲ್ಲ, ಇಂಗ್ಲಿಷಿನಲ್ಲಿ ಟರ್ನ್ ಎನ್ನುವ ರೀವ. ಕಡಲಕ್ಕಿಯ ರೆಕ್ಕೆ ಅಗಲ, ಅದು ನೀರಿನ ಮೇಲೆ ಕೂರುತ್ತದೆ, ತೇಲುವುದನ್ನು ಹೆಕ್ಕುತ್ತದೆ. ರೀವದ ರೆಕ್ಕೆ ಕಿರಿದು, ಚೂಪು. ಅದು ಕೊಕ್ಕನ್ನು ನೇರ ಕೆಳಕ್ಕೆ ಮಾಡಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಮೀನು ಕಂಡೊಡನೆ ರೆಕ್ಕೆ ಮಡಚಿ ನೀರಿಗೆ ಬೀಳುತ್ತದೆ. ಆ ನಿಂತ ಗಳಿಗೆಯೇ ಫೋಕಸ್ ಕೂರಿಸಲು ನಿಮಗೆ ಸಿಗುವ ಅವಕಾಶ. ರೀವಗಳನ್ನು ಕೊಕ್ಕಿನ ಬಣ್ಣದಿಂದ ಬೇರ್ಪಡಿಸಬಹುದು: ದೊಡ್ಡ ಜುಟ್ಟಿನದಕ್ಕೆ ಹಸಿರು ಬೆರೆತ ಹಳದಿ, ಸಣ್ಣ ಜುಟ್ಟಿನದಕ್ಕೆ ಕಿತ್ತಳೆ, ಸ್ಯಾಂಡ್‌ವಿಚ್ ರೀವಕ್ಕೆ ಕಪ್ಪು ಕೊಕ್ಕಿನ ತುದಿಯಲ್ಲಿ ಮಾತ್ರ ಹಳದಿ, ಎಲ್ಲಕ್ಕಿಂತ ದೊಡ್ಡದಾದ ಕ್ಯಾಸ್ಪಿಯನ್ ರೀವಕ್ಕೆ ದಪ್ಪನೆಯ ಕೆಂಪು.

ನೀರಂಚಿನ ಸಣ್ಣ ಹಕ್ಕಿಗಳನ್ನೂ ಬಿಡಬೇಡಿ. ಸ್ಯಾಂಡರ್ಲಿಂಗ್ ಎಂಬ ತಿಳಿಬೂದು ಹಕ್ಕಿಗಳ ಗುಂಪು ಅಲೆ ಹಿಂದೆ ಸರಿದೊಡನೆ ಅದರ ಬೆನ್ನಿಗೇ ಓಡಿ, ಒದ್ದೆ ಮರಳಿನಲ್ಲಿ ಕೊಕ್ಕು ಚುಚ್ಚಿ ಚುಚ್ಚಿ ಹುಳು ಹೆಕ್ಕಿ, ಮುಂದಿನ ಅಲೆ ಬರುವಷ್ಟರಲ್ಲಿ ಕಾಲಿಗೆ ನೊರೆ ತಾಗದಂತೆ ಮೇಲಕ್ಕೆ ಓಡಿಬರುತ್ತವೆ. ಹಕ್ಕಿ ಮತ್ತು ಅಲೆ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ನಮ್ಮ ತೀರದಲ್ಲಿ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ನಮ್ಮೂರ ಕಡಲತೀರಕ್ಕೆ ರಜಾದಿನಗಳಲ್ಲಿ ಬರುವ ಕೆಲವರು, ಕುಳಿತಿರುವ ಹಕ್ಕಿಗಳ ಗುಂಪಿನತ್ತ ಮಕ್ಕಳನ್ನು ಓಡಿಸಿ, ಅವು ಒಮ್ಮೆಲೇ ಎದ್ದಾಗ ಫೋಟೊ ತೆಗೆಯುತ್ತಾರೆ. ಚಿಪ್ಸ್ ಎಸೆದು ಕರೆಯುವವರೂ ಇದ್ದಾರೆ. ಹೇಳಿದರೆ “ಹಕ್ಕಿಗೇನು ನಷ್ಟ?” ಎನ್ನುತ್ತಾರೆ. ಏನೆಂದು ಉತ್ತರಿಸಲಿ?
– ಓದುಗರೊಬ್ಬರು, ಬೈಂದೂರು

ಉತ್ತರ: ನಷ್ಟವಿದೆ ಎಂದು ನೇರವಾಗಿಯೇ ಹೇಳಿ. ಉಬ್ಬರದ ಹೊತ್ತಿನಲ್ಲಿ ಮರಳಿನ ಮೇಲೆ ಕುಳಿತ ಹಕ್ಕಿ ಬಿಡುವಾಗಿ ಕುಳಿತಿರುವುದಿಲ್ಲ; ಮೇಯುವ ಜಾಗ ನೀರಿನಡಿ ಮುಳುಗಿರುವುದರಿಂದ, ತಿಂದದ್ದನ್ನು ಅರಗಿಸಿಕೊಂಡು ಶಕ್ತಿ ಉಳಿಸಿಕೊಳ್ಳಲು ಅದಕ್ಕೆ ಸಿಗುವ ಹೊತ್ತು ಅದೊಂದೇ. ಹಾರಾಟಕ್ಕೆ ತಗಲುವ ಶಕ್ತಿ ಕುಳಿತಿರುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ದಿನಕ್ಕೆ ಹತ್ತು ಕುಟುಂಬಗಳು ಹತ್ತು ಸಲ ಎಬ್ಬಿಸಿದರೆ, ಬೆಳಗಿನಿಂದ ಹೆಕ್ಕಿ ತಿಂದದ್ದು ಆ ಹಾರಾಟಗಳಿಗೇ ಸೋರಿಹೋಗುತ್ತದೆ. ಮಾರ್ಚಿನಲ್ಲಿ ಸಾವಿರಾರು ಕಿಲೋಮೀಟರ್ ಹಾರಿ ಹೋಗಬೇಕಾದ ಹಕ್ಕಿಗೆ ಮೈಯಲ್ಲಿ ಕೊಬ್ಬು ಕೂಡಿಬರುವುದು ಹೇಗೆ? ಚಿಪ್ಸ್‌ನಲ್ಲಿರುವ ಉಪ್ಪು, ಎಣ್ಣೆ ಅವುಗಳ ಆಹಾರವಲ್ಲ, ಜೊತೆಗೆ ಹಾರಿಬರುವ ಪ್ಲಾಸ್ಟಿಕ್ ಚೀಟಿ ಕಡಲಿಗೇ ಸೇರುತ್ತದೆ.

ಛಾಯಾಗ್ರಹಣದ ದೃಷ್ಟಿಯಿಂದಲೂ ಅದು ಕೆಟ್ಟ ವಿಧಾನ. ಬೆದರಿ ಎದ್ದ ಹಕ್ಕಿಗಳೆಲ್ಲ ನಿಮಗೆ ಬೆನ್ನು ಮಾಡಿ ಹಾರುತ್ತವೆ. ಅದರ ಬದಲು ಗುಂಪಿನಿಂದ ಸಾಕಷ್ಟು ದೂರದಲ್ಲಿ ಕುಳಿತು, ಅಲುಗಾಡದೆ, ನೇರವಾಗಿ ದಿಟ್ಟಿಸದೆ ಕಾದರೆ, ಅರ್ಧ ಗಂಟೆಯೊಳಗೆ ಕೆಲವು ಹಕ್ಕಿಗಳು ತಾವಾಗಿ ಹತ್ತಿರ ಬಂದು ರೆಕ್ಕೆ ಚಾಚುವುದು, ಒಂಟಿ ಕಾಲಿನಲ್ಲಿ ನಿದ್ರಿಸುವುದು, ಕೊಕ್ಕಿನಿಂದ ಗರಿ ನೇವರಿಸಿಕೊಳ್ಳುವುದು ಎಲ್ಲವೂ ಕಾಣಸಿಗುತ್ತದೆ. ನಿಮ್ಮ ಚಲನೆಗೆ ಗುಂಪಿನ ಹಕ್ಕಿಗಳು ಒಟ್ಟಿಗೆ ಕತ್ತೆತ್ತಿದವೆಂದರೆ ಅಷ್ಟಕ್ಕೇ ನಿಲ್ಲಬೇಕು. ನಡೆಯಲಾರಂಭಿಸಿದವೆಂದರೆ ಹಿಂದೆ ಸರಿಯಬೇಕು.

ಗೂಡಿನ ವಿಷಯದಲ್ಲಿ ಇದು ಕೇವಲ ಸೌಜನ್ಯದ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಮಾಡುವುದೂ ಸೇರಿದೆ. ಬಿಳಿಹೊಟ್ಟೆಯ ಕಡಲ ಹದ್ದು ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿಯೂ ಕರಾವಳಿಯುದ್ದಕ್ಕೂ ಎತ್ತರದ ಮರಗಳಲ್ಲಿಯೂ ದೊಡ್ಡ ಗೂಡು ಕಟ್ಟಿ ವರ್ಷ ವರ್ಷವೂ ಅದನ್ನೇ ಬಳಸುತ್ತದೆ. ಅಂಥ ಗೂಡಿನ ಹತ್ತಿರಕ್ಕೆ ಡ್ರೋನ್ ಹಾರಿಸುವುದನ್ನು ನೀವು ಕಂಡರೆ ಅರಣ್ಯ ಇಲಾಖೆಗೆ ತಿಳಿಸಲು ಹಿಂಜರಿಯಬೇಡಿ. ಊರಿನವರಾದ ನಿಮ್ಮ ಮಾತಿಗೆ ಹೊರಗಿನವರ ಮಾತಿಗಿಂತ ಹೆಚ್ಚು ತೂಕವಿದೆ.

ಪ್ರಶ್ನೆ: ಮಳೆಗಾಲದ ಕಡಲಿನ ಚಿತ್ರ ತೆಗೆಯಬೇಕೆಂಬ ಹಂಬಲ ಬಹಳ ದಿನಗಳಿಂದ ಇದೆ. ಜುಲೈಯಲ್ಲಿ ಮರವಂತೆಗೆ ಹೋಗುತ್ತೇನೆಂದರೆ ಮನೆಯವರು ಬೇಡವೆನ್ನುತ್ತಾರೆ. ಅವರ ಭಯಕ್ಕೆ ಅರ್ಥವಿದೆಯೇ? ಆಗ ಹಕ್ಕಿಗಳೂ ಇರುತ್ತವೆಯೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಭಯಕ್ಕೆ ಪೂರ್ತಿ ಅರ್ಥವಿದೆ, ಆದರೂ ಹೋಗಬಹುದು, ನೀರಿನ ಹತ್ತಿರಕ್ಕೆ ಹೋಗದಿದ್ದರೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತಾನದ ರಕ್ಷಣೆಯ ಜೊತೆಗೆ, ಆ ತಿಂಗಳುಗಳ ಕಡಲು ಎಂಥದೆಂಬುದನ್ನೂ ಅದು ಹೇಳುತ್ತದೆ. ಕಡಲಿನೊಡನೆ ಬಾಳಿದ ಮೀನುಗಾರರೇ ದಡದಲ್ಲಿ ಉಳಿಯುವ ದಿನಗಳಲ್ಲಿ, ಘಟ್ಟದ ಮೇಲಿನಿಂದ ಬಂದವರು ಬಂಡೆಯ ತುದಿಗೆ ಹೋಗಿ ನಿಲ್ಲುವುದನ್ನು ಕಂಡರೆ ಎದೆ ನಡುಗುತ್ತದೆ.

ಅಲೆಗಳು ಒಂದೇ ಸಮನಾಗಿ ಬರುವುದಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೇರೆ ಬೇರೆ ಉದ್ದದ ಅಲೆಗಳು ಕಡಲಿನಲ್ಲಿ ಒಂದರೊಡನೊಂದು ಕೂಡಿದಾಗ ಎತ್ತರದ ಅಲೆಗಳ ತಂಡವೊಂದು ಬರುತ್ತದೆ, ಹೊಂದದೆ ಕಳೆದಾಗ ಹಲವು ನಿಮಿಷ ಕಡಲು ತಣ್ಣಗಿದ್ದಂತೆ ಕಾಣುತ್ತದೆ. ಆ ತಣ್ಣಗಿನ ನಿಮಿಷಗಳನ್ನು ನಂಬಿ ಬಂಡೆಗೆ ಇಳಿದವರನ್ನೇ ಮುಂದಿನ ತಂಡ ಎಳೆದುಕೊಂಡು ಹೋಗುವುದು. ಬಂದೊಡನೆ ಕ್ಯಾಮೆರಾ ತೆಗೆಯದೆ ಕನಿಷ್ಠ ಇಪ್ಪತ್ತು ನಿಮಿಷ ನೋಡಿ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಯವರೆಗೂ ಅಲೆ ಬಂದಿದೆ ಎಂದೇ ಲೆಕ್ಕ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಡಬೇಡಿ, ಕಡಲಿಗೆ ಬೆನ್ನು ಮಾಡಿ ಚಿತ್ರವನ್ನು ಪರಿಶೀಲಿಸುತ್ತಾ ನಿಲ್ಲಬೇಡಿ, ಒಬ್ಬರೇ ಹೋಗಬೇಡಿ. ಹೈದರಾಬಾದಿನಲ್ಲಿರುವ, ಕಡಲಿನ ಮಾಹಿತಿ ನೀಡುವ ರಾಷ್ಟ್ರೀಯ ಕೇಂದ್ರವಾದ ಇನ್‌ಕಾಯಿಸ್ (INCOIS) ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆಯನ್ನೂ ಎಚ್ಚರಿಕೆಯನ್ನೂ ಪ್ರಕಟಿಸುತ್ತದೆ. ಹೊರಡುವ ಮುನ್ನ ಅದನ್ನು ನೋಡಿ. ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ಇದನ್ನು ಮರೆಯಬಾರದು, ಏಕೆಂದರೆ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿಬಂದು, ಇಲ್ಲಿ ಆಕಾಶ ತಿಳಿಯಾಗಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ನುಗ್ಗುವುದುಂಟು. ನೀರಿನಲ್ಲಿ ಯಾರಾದರೂ ಸಿಲುಕಿದರೆ ಇಳಿದು ಹಿಡಿಯಲು ಹೋಗದೆ 112ಕ್ಕೆ ಕರೆ ಮಾಡಿ.

ಮರವಂತೆಯಲ್ಲಿ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವುದರಿಂದ ಕಲ್ಲುಗಳ ಮೇಲೆ ಇಳಿಯದೆ, ರಸ್ತೆಯ ಆಚೆ ಬದಿಯ ಸುರಕ್ಷಿತ ಜಾಗದಿಂದಲೇ ಉದ್ದ ಲೆನ್ಸಿನಲ್ಲಿ ಅಲೆಗಳನ್ನು ಹಿಡಿಯಬಹುದು; ವಾಹನಗಳ ಬಗ್ಗೆ ಮಾತ್ರ ಎಚ್ಚರವಿರಲಿ. ಎತ್ತರದಿಂದ ನೋಡಬೇಕೆಂದರೆ ಬಂಡೆಯ ಮೇಲೆ ಕಟ್ಟಿದ, 1901ರ ಕಾಪು ದೀಪಸ್ತಂಭವಿದೆ, ಆದರೆ ಮಳೆಗಾಲದಲ್ಲಿ ಅಲ್ಲಿಯ ಕೆಳಬಂಡೆಗಳ ಹತ್ತಿರ ಸುಳಿಯಬಾರದು. ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿಯೇ ಇರುವುದಿಲ್ಲ.

ಹಕ್ಕಿಗಳು ಇರುತ್ತವೆಯೇ ಎಂದರೆ, ಚಳಿಗಾಲದ ಕಡಲಕ್ಕಿಗಳು ಇರುವುದಿಲ್ಲ. ಅವುಗಳ ಬದಲು ನಡುಗಡಲಿನಲ್ಲಿಯೇ ಬದುಕುವ, ನೆಲದವರಿಗೆ ಎಂದೂ ಕಾಣದ ಹಕ್ಕಿಗಳನ್ನು ಮುಂಗಾರಿನ ಬಿರುಗಾಳಿ ದಡಕ್ಕೆ ತಂದು ಹಾಕುತ್ತದೆ. ಬಿಳಿ ಹಣೆ, ಕಣ್ಣಿಗೆ ಅಡ್ಡಲಾದ ಕಪ್ಪು ಪಟ್ಟಿ, ಕಂದುಬೂದು ಬೆನ್ನಿನ ಬ್ರೈಡಲ್ಡ್ ರೀವ, ದೊಡ್ಡ ಗಾತ್ರದ ಮಾಸ್ಕ್ಡ್ ಬೂಬಿ, ಅಂಟಾರ್ಕ್ಟಿಕದ ಕಡೆ ಮರಿ ಮಾಡುವ, ಗುಬ್ಬಚ್ಚಿಗಿಂತ ಸ್ವಲ್ಪವೇ ದೊಡ್ಡದಾದ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಇವುಗಳಲ್ಲಿ ಕೆಲವು. ದಡದಲ್ಲಿ ಹೀಗೆ ಬಿದ್ದ ಹಕ್ಕಿ ಕಂಡರೆ ಅದರ ಸುತ್ತ ನಿಂತು ಚಿತ್ರ ತೆಗೆಯುತ್ತಾ ಕಾಲ ಕಳೆಯಬೇಡಿ. ಅದು ದಣಿದು, ಹಸಿದು ಬಿದ್ದಿರುತ್ತದೆ. ಮರಳಿ ಕಡಲಿಗೆ ಎಸೆಯುವುದು, ಬಾಯಿ ತೆರೆದು ನೀರು ಹೊಯ್ಯುವುದು ಎರಡೂ ಅದನ್ನು ಕೊಲ್ಲಬಹುದು. ಟವಲಿನಿಂದ ಮುಚ್ಚಿ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಣಗಿದ ಕತ್ತಲೆಯ ಜಾಗದಲ್ಲಿ ಇರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಎತ್ತುವಾಗ ಕೊಕ್ಕಿನಿಂದ ನಿಮ್ಮ ಕಣ್ಣಿಗೆ ಪೆಟ್ಟಾಗದಂತೆ ಮುಖ ದೂರವಿರಲಿ.

ಪ್ರಶ್ನೆ: ನನ್ನ ಬಳಿ ಮೊಬೈಲ್ ಫೋನ್ ಮಾತ್ರ ಇದೆ. ಅದರಲ್ಲಿ ಏನಾದರೂ ಸಾಧ್ಯವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅಲೆಗಳಿಗೆ ಧಾರಾಳವಾಗಿ ಸಾಕು. ಹಕ್ಕಿಯ ಕಣ್ಣು, ಗರಿ ಕಾಣಬೇಕೆಂಬ ಆಸೆಯನ್ನು ಬಿಟ್ಟು, ದಡ, ದೋಣಿ, ಆಕಾಶಗಳ ನಡುವೆ ಹಕ್ಕಿಗಳ ಗುಂಪು ಇರುವಂತೆ ಇಡೀ ದೃಶ್ಯವನ್ನು ಹಿಡಿಯಿರಿ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಬೆಳಗು ಸಿಕ್ಕರೆ, ಎರಡು ಸಾಲಾಗಿ ಹಗ್ಗ ಜಗ್ಗುವ ಜನ, ನಡುವೆ ಉಬ್ಬುವ ಅಲೆ, ಮೇಲೆ ಸುತ್ತುವ ಗರುಡ, ಕಾಗೆ, ಕಡಲಕ್ಕಿಗಳು ಎಲ್ಲವೂ ಉದ್ದ ಲೆನ್ಸಿಗಿಂತ ಫೋನಿನಲ್ಲಿಯೇ ಚೆನ್ನಾಗಿ ಒಳಗೊಳ್ಳುತ್ತವೆ. ಪರದೆಯ ಮೇಲೆ ಬೆರಳಿಂದ ಹಿಗ್ಗಿಸಿ ತೆಗೆಯಬೇಡಿ. ಪರದೆಯನ್ನು ಮುಟ್ಟಿದಾಗ ಕಾಣುವ ಬೆಳಕಿನ ಗುರುತನ್ನು ಸ್ವಲ್ಪ ಕೆಳಕ್ಕೆಳೆದು ನೊರೆಯ ಬಿಳಿ ಉಳಿಸಿಕೊಳ್ಳಿ.

ಪ್ರಶ್ನೆ: ಕಡಲಿಗೆ ಹೋಗಿಬಂದ ಮೇಲೆ ಲೆನ್ಸಿನ ಮೇಲೆ ಮಸುಕು ಕಟ್ಟಿತ್ತು, ಜೂಮ್ ತಿರುಗಿಸಿದರೆ ಕರಕರ ಸದ್ದು ಬರು‍ತ್ತದೆ. ಮುಂದಿನ ಸಲ ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಆ ಸದ್ದು ಮರಳಿನದು, ಬಲವಂತವಾಗಿ ತಿರುಗಿಸದೆ ದುರಸ್ತಿಯವರ ಬಳಿಗೆ ಕೊಂಡೊಯ್ಯಿರಿ. ಮಸುಕಿಗೆ ಎರಡು ಕಾರಣಗಳಿರಬಹುದು. ಎಸಿ ಹಾಕಿದ ಕೋಣೆಯಿಂದಲೋ ಕಾರಿನಿಂದಲೋ ತಣ್ಣಗಿನ ಲೆನ್ಸನ್ನು ಕರಾವಳಿಯ ಬೆಚ್ಚನೆಯ ತೇವದ ಗಾಳಿಗೆ ತಂದೊಡನೆ ಗಾಜಿನ ಮೇಲೆ ಹನಿ ಕೂರುತ್ತದೆ. ಚೀಲವನ್ನು ಮುಚ್ಚಿಯೇ ಇಟ್ಟು ಅರ್ಧ ಗಂಟೆ ಹೊರಗೆ ಇರಿಸಿದ ಬಳಿಕ ತೆರೆದರೆ ಈ ತೊಂದರೆ ಇರುವುದಿಲ್ಲ, ಬೆಳಗಿನ ಬೆಳಕು ಕಾಯುವುದಿಲ್ಲವಾದ್ದರಿಂದ ಎದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಇದು. ಇನ್ನೊಂದು ಕಾರಣ ಗಾಳಿಯಲ್ಲಿ ತೇಲಿಬರುವ ಉಪ್ಪುನೀರಿನ ಸಣ್ಣ ಹನಿಗಳು. ಒಣಗಿದ ಉಪ್ಪನ್ನು ಒಣಬಟ್ಟೆಯಿಂದ ಉಜ್ಜಿದರೆ ಅದರ ಹರಳು ಗಾಜಿನ ಮೇಲೆ ಗೀರು ಮೂಡಿಸುತ್ತದೆ. ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮೊದಲು ಉಪ್ಪನ್ನು ಕರಗಿಸಿ ತೆಗೆದು, ಆಮೇಲೆ ಒಣಬಟ್ಟೆಯಿಂದ ಒರೆಸಬೇಕು. ತೀರದಲ್ಲಿ ಲೆನ್ಸ್ ಬದಲಾಯಿಸಬೇಡಿ, ಚೀಲವನ್ನು ಮರಳಿನ ಮೇಲೆ ಇಡಬೇಡಿ, ಲೆನ್ಸಿನ ಮುಂದೆ ಒಂದು ಸಾದಾ ಯುವಿ ಫಿಲ್ಟರ್ ಇರಲಿ. ತೀರದಿಂದ ಬಂದ ರಾತ್ರಿಯೇ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಲು ಬಿಡಿ, ಏಕೆಂದರೆ ಹೊರಗೆ ಕಾಣದ ತಿರುಪುಗಳೇ ಮೊದಲು ತುಕ್ಕು ಹಿಡಿಯುವುದು.